ನಾನು ಬೆಳ್ಳಗೆ ಮಾಡಿದ ಹಲ್ಲು

ನನ್ನ ತಂಗಿಯ ಮೊಮ್ಮಗಳು ಹಲ್ಲಿನ ಡಾಕ್ಟರಿಕೆ ಓದಲು ಸೇರಿದ್ದಾಳೆ. ಮೊನ್ನೆ ಹೊಸ ಬಿಳಿ ಕೋಟು ತೊಟ್ಟುಕೊಂಡು ಅಜ್ಜಿಯಾದ ನನಗೆ ತೋರಿಸಲು ಬಂದವಳು, "ವಡ್ಲಿಮಾಯ್, ನಿಮ್ಮ ಕಾಲದಲ್ಲಿ ನೀವು ಎಷ್ಟು ಹಲ್ಲು ಕಿತ್ತಿದ್ದೀರಿ?" ಎಂದು ಕೇಳಿದಳು. ಒಂದೂ ಇಲ್ಲ ಮಗಾ ಎಂದೆ. ಕೀಳುತ್ತಿದ್ದವರು ಡಾಕ್ಟರು. ನಾನು ರೋಗಿಗಳ ತಲೆ ಹಿಡಿಯುತ್ತಿದ್ದವಳು, ಇಕ್ಕಳ ಕುದಿಸುತ್ತಿದ್ದವಳು, ಉಗುಳುವ ಬೋಗುಣಿ ತೊಳೆಯುತ್ತಿದ್ದವಳು, ಹೆಂಗಸರ ಹಲ್ಲು ಶುಚಿ ಮಾಡುತ್ತಿದ್ದವಳು. ಅವಳಿಗೆ ಸ್ವಲ್ಪ ನಿರಾಸೆಯಾಯಿತು. "ಹಾಗಾದರೆ ನಿಮ್ಮಿಂದ ನಾನು ಕಲಿಯುವುದು ಎಂತ ಉಂಟು?" ಎಂದು ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಆ ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿಯಿತು. ಕಲಿಯುವುದು ಒಂದಿದೆ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ, ಹೇಳುವ ಧೈರ್ಯವಿರಲಿಲ್ಲ. ಅವಳಿಗೂ ಅವಳ ಜೊತೆಯವರಿಗೂ ಇರಲಿ ಎಂದು ಈಗ ಬರೆದಿಡುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಆರಂಭದಲ್ಲಿ. ಉಡುಪಿಯಲ್ಲಿ ರಾಯರು ಎಂಬ ಹಲ್ಲಿನ ಡಾಕ್ಟರಿದ್ದರು, ಬೊಂಬಾಯಿಯಲ್ಲಿ ಓದಿ ಬಂದವರು. ಅವರಿಗೆ ಒಬ್ಬ ಸಹಾಯಕಿ ಬೇಕೆಂದು ನಮ್ಮ ಇಗರ್ಜಿಯ ಪಾದ್ರಿಗಳಿಗೆ ಹೇಳಿ ಕಳಿಸಿದ್ದರು. "ಲಿಲ್ಲಿಗೆ ಹೆದರಿಕೆ ಎಂಬುದಿಲ್ಲ, ಬಾಯಿ ಸ್ವಲ್ಪ ಜೋರು" ಎಂದು ಪಾದ್ರಿಗಳು ನನ್ನನ್ನು ಕಳಿಸಿದರು. ಅಲೆವೂರಿನಿಂದ ದಿನವೂ ನಡೆದು ಹೋಗುತ್ತಿದ್ದೆ. ಮೊದಲ ದಿನವೇ ಎಡವಟ್ಟು ಮಾಡಿದೆ. ಎಲ್ಲ ಸಲಕರಣೆ ಕುದಿಸಬೇಕು ಎಂದಿದ್ದರು; ನಾನು ಬಾಯಿಯೊಳಗೆ ಹಿಡಿಯುವ ಪುಟ್ಟ ಕನ್ನಡಿಗಳನ್ನೂ ಸ್ಟೌವಿನ ಮೇಲೆ ಕೊತಕೊತ ಕುದಿಸಿದೆ. ಹಿಂದಿನ ಲೇಪವೆಲ್ಲ ಎದ್ದು ಬಂತು. ರಾಯರು ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಲಿಲ್ಲಿ ಬಾಯಿ, ಇನ್ನು ಇದರಲ್ಲಿ ಹಲ್ಲು ಕಾಣುವುದಿಲ್ಲ. ಹಲ್ಲು ಇಲ್ಲದವರು ಬಂದರೆ ಇದೇ ಕನ್ನಡಿ ಕೊಡುವ" ಎಂದರು. ಬೈದಿದ್ದರೆ ನಾನು ಮರುದಿನ ಹೋಗುತ್ತಿರಲಿಲ್ಲ.

ರಾಯರು ಒಳ್ಳೆಯವರು, ಆದರೆ ಶುಚಿಯ ವಿಷಯದಲ್ಲಿ ಮಾತ್ರ ರಾಕ್ಷಸರು. ನೆಲದಲ್ಲಿ ಒಂದು ಹತ್ತಿಯ ಎಳೆ ಕಂಡರೂ ಕೆಲಸ ನಿಲ್ಲುತ್ತಿತ್ತು. ಆಗ ಕರೆಂಟಿನ ಯಂತ್ರ ಇರಲಿಲ್ಲ. ಹೊಲಿಗೆ ಮೆಶಿನಿನ ಹಾಗೆ ಕಾಲಿನಿಂದ ತುಳಿದು ತಿರುಗಿಸುವ ಡ್ರಿಲ್ಲು. ಅವರು ತುಳಿಯುವಾಗ ನಾನು ರೋಗಿಯ ತಲೆಯನ್ನು ಎದೆಗೆ ಒತ್ತಿ ಹಿಡಿಯಬೇಕು. ಗಂಡಸರು ಹೇಗೂ ಕುಳಿತುಕೊಳ್ಳುತ್ತಿದ್ದರು. ಹೆಂಗಸರು ಪರಪುರುಷನ ಬೆರಳು ಬಾಯಿಗೆ ಬರುತ್ತದೆಂದು ಕುರ್ಚಿಯಿಂದಲೇ ಎದ್ದು ಹೋಗುತ್ತಿದ್ದರು. ಹಾಗಾಗಿ ಹಲ್ಲು ಶುಚಿ ಮಾಡುವ ಕೆಲಸವನ್ನು ರಾಯರು ನನಗೆ ಕಲಿಸಿದರು. ಗಟ್ಟಿಯಾದ ಪಾಚಿಯನ್ನು ಒಸಡಿನ ಬುಡದಿಂದ ಹೇಗೆ ಎಬ್ಬಿಸಬೇಕು, ಕಲೆಯನ್ನು ಪ್ಯೂಮಿಸ್ ಎಂಬ ಕಲ್ಲಿನ ಪುಡಿಯಿಂದ ಹೇಗೆ ಉಜ್ಜಬೇಕು ಎಂದು ತಿಂಗಳುಗಟ್ಟಲೆ ತಿದ್ದಿದರು. ನನ್ನ ಕೈ ಕುದುರಿತು. ಆ ಮೇಲೆ ನನ್ನ ಜಂಭ ಏನು ಕೇಳುತ್ತೀರಿ! ಎಲೆ ಅಡಿಕೆ ಜಗಿದು ಕೆಂಪಾದ ನಮ್ಮ ಅಮ್ಮನ ಹಲ್ಲನ್ನು ಕೂಡ ಒಂದು ಆದಿತ್ಯವಾರ ಹಿಡಿದು ಕೂರಿಸಿ ಉಜ್ಜಿ ಬಿಟ್ಟಿದ್ದೆ.

ಮಂಗಳವಾರ ಕಾಪುವಿನಲ್ಲಿ, ಗುರುವಾರ ಕಾರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು ರೋಗಿಗಳನ್ನು ನೋಡುವುದು ರಾಯರ ಕ್ರಮ. ಡ್ರಿಲ್ಲು, ಸ್ಟೌ, ಸಲಕರಣೆಯ ಪೆಟ್ಟಿಗೆ ಎಲ್ಲ ಬಸ್ಸಿನ ಮೇಲೆ. ಕಾಪುವಿಗೆ ಒಮ್ಮೆ ಉಚ್ಚಿಲದಿಂದ ಒಬ್ಬರು ತಮ್ಮ ಹೆಂಡತಿಯನ್ನು ಕರೆದುಕೊಂಡು ಬಂದರು. ಅವರು ರಂಗೂನಿನಲ್ಲಿ ಕೆಲಸಕ್ಕಿದ್ದು, ಯುದ್ಧದ ಕಾಲದಲ್ಲಿ ಊರಿಗೆ ಬಂದವರು. ಹೆಂಡತಿ ಬರ್ಮಾದವರೇ. ಚೊಕ್ಕ ತುಳು ಮಾತಾಡುತ್ತಿದ್ದರು. ರಾಯರು ಇಕ್ಕಳ ಎತ್ತಿಕೊಂಡರು, ನಾನು ಎಂದಿನಂತೆ ಹಿಂದಿನಿಂದ ನೆತ್ತಿಯನ್ನು ಅಮುಕಿ ಹಿಡಿದೆ. ಆ ಹೆಂಗಸು ನನ್ನ ಕೈಗೆ ಫಟ್ಟೆಂದು ಹೊಡೆದರು! ನನಗೆ ಅವಮಾನವಾಗಿ ಕಿವಿ ಬಿಸಿಯಾಯಿತು. ಪಕ್ಕದಲ್ಲೇ ಕುಳಿತಿದ್ದ ಗಂಡ ಎದ್ದು, "ಬಾಯಮ್ಮ, ಬೇಸರ ಮಾಡಬೇಡಿ. ಅವರಲ್ಲಿ ತಲೆ ಅಂದರೆ ದೇವರ ಜಾಗ. ಹೆತ್ತ ಅಮ್ಮನೂ ಸುಮ್ಮನೆ ಮುಟ್ಟುವುದಿಲ್ಲ" ಎಂದರು. ಮತ್ತೆ ಹೇಗೆ ಮಾಡುವುದು? ಹಿಂದೆ ಒಂದು ದಿಂಬು ಇಟ್ಟು, ಗಲ್ಲ ಮಾತ್ರ ಹಿಡಿದುಕೊಂಡೆ. ಹಲ್ಲು ಸಲೀಸಾಗಿ ಬಂತು. ಹೋಗುವಾಗ ಅವರು ನನ್ನ ಕೈಯನ್ನು, ಹೊಡೆದ ಅದೇ ಕೈಯನ್ನು, ಸವರಿ ಹೋದರು.

ಗಂಡ ಪಕ್ಕದಲ್ಲಿ ಇದ್ದದ್ದರಿಂದ ಆ ದಿನ ಬಚಾವಾದೆವು. ಆದರೆ ಅದಾಗಿ ಕೆಲವು ವಾರಕ್ಕೆ ಇನ್ನೊಬ್ಬ ರೋಗಿಯ ಜೊತೆ ಬಂದ ಅಣ್ಣ ರಕ್ತ ನೋಡಿ ತಲೆ ತಿರುಗಿ ಡ್ರಿಲ್ಲಿನ ಮೇಲೆ ಬಿದ್ದ. ಡ್ರಿಲ್ಲಿನ ಕೈ ಬಾಗಿತು, ಅಣ್ಣನ ಹಣೆಗೆ ಹೊಲಿಗೆ ಹಾಕಬೇಕಾಯಿತು. ಅವತ್ತೇ ರಾಯರು ನಿಯಮ ಮಾಡಿದರು: ಇನ್ನು ರೋಗಿ ಒಬ್ಬರೇ ಒಳಗೆ, ಜೊತೆಯವರು ಹೊರಗಿನ ಬೆಂಚಿನಲ್ಲಿ. ನಿಯಮ ಸರಿಯೆಂದೇ ನನಗೂ ಕಂಡಿತು. ಬಾಗಿಲು ಹಾಕುವ ಕೆಲಸ ನನ್ನದಾಯಿತು.

ಅಷ್ಟರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಾಲೇಜು ಬಂದು, ದೂರ ದೇಶದ ಹುಡುಗರು ಉಡುಪಿಯ ಬೀದಿಯಲ್ಲಿ ಕಾಣಿಸತೊಡಗಿದ್ದರು. ಆಫ್ರಿಕಾದ ಕೀನ್ಯಾದಿಂದ ಓದಲು ಬಂದ ಒಬ್ಬ ಹಲ್ಲುನೋವೆಂದು ನಮ್ಮಲ್ಲಿಗೆ ಬಂದ. ಎತ್ತರದ ಆಸಾಮಿ, ಇಸ್ತ್ರಿ ಹಾಕಿದ ಪ್ಯಾಂಟು, ಕುತ್ತಿಗೆಗೆ ಟೈ. ಬಾಯಿ ತೆರೆದಾಗ ಕೆಳಗಿನ ಮುಂದಿನ ಹಲ್ಲುಗಳು ಇರಲಿಲ್ಲ. ರಾಯರಿಗೆ ಕನಿಕರವಾಯಿತು. "ಅಪಘಾತವಾ? ಕಟ್ಟಿಸಿಕೊಡುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅವು ಬಿದ್ದದ್ದಲ್ಲ, ತನ್ನ ಕುಲದಲ್ಲಿ ಹುಡುಗ ದೊಡ್ಡವನಾದ ಗುರುತಿಗೆ ತೆಗೆಯುವುದು, ಅವನ್ನು ಕಟ್ಟಿಸಿಕೊಂಡು ಹೋದರೆ ಅಜ್ಜ ಮನೆಯೊಳಗೆ ಸೇರಿಸಲಿಕ್ಕಿಲ್ಲ ಎಂದ. ರಾಯರೂ ನಕ್ಕರು. ಅರ್ಧ ಗಂಟೆ ಕೂತು ಅವನ ಊರಿನ ಕ್ರಮಗಳನ್ನೆಲ್ಲ ಕೇಳಿ, ನೋವಿದ್ದ ದವಡೆಯ ಹಲ್ಲಿಗೆ ಮಾತ್ರ ಔಷಧಿ ಮಾಡಿ ಕಳಿಸಿದರು. "ನೋಡಿ ಲಿಲ್ಲಿ ಬಾಯಿ, ಕೇಳದೆ ಯಾರ ಹಲ್ಲನ್ನೂ ಸರಿ ಮಾಡಲು ಹೋಗಬಾರದು" ಎಂದು ಆಮೇಲೆ ನನಗೆ ಹೇಳಿದರು.

ಎಷ್ಟು ಚೆನ್ನಾಗಿ ಹೇಳಿದರು! ನಾನೂ ಎಷ್ಟು ಚೆನ್ನಾಗಿ ತಲೆಯಾಡಿಸಿದೆ! ಆದರೆ ಅವನು ಟೈ ಕಟ್ಟಿದ್ದ, ಇಂಗ್ಲಿಷ್ ಮಾತಾಡುತ್ತಿದ್ದ. ಕೇಳಬೇಕಾದದ್ದು ಅಂಥವರನ್ನು ಮಾತ್ರ ಎಂದು ನಾವಿಬ್ಬರೂ ಒಳಗೊಳಗೆ ತಿಳಿದುಕೊಂಡಿದ್ದೆವು ಅಂತ ಈಗ ನನಗೆ ಕಾಣುತ್ತದೆ.

ಹಿರಿಯಡ್ಕದ ಹತ್ತಿರ, ಕಾರ್ಕಳದ ರಸ್ತೆಯ ಬದಿಯಲ್ಲಿ ಆಗ ಒಂದು ಕಲ್ಲುಕೋರೆ ಶುರುವಾಗಿತ್ತು. ಸೇತುವೆಗಳಿಗೆ, ಹೊಸ ರಸ್ತೆಗೆ ಜಲ್ಲಿ ಬೇಕಿತ್ತು. ಕಲ್ಲು ಒಡೆಯಲು ವಿಜಾಪುರದ ಕಡೆಯಿಂದ ಹತ್ತಿಪ್ಪತ್ತು ಕುಟುಂಬಗಳು ಬಂದು ತಾಳೆಗರಿಯ ಬಿಡಾರ ಕಟ್ಟಿಕೊಂಡಿದ್ದವು. ಕೆಲವೇ ವರ್ಷಗಳ ಹಿಂದೆ ಅವರದು ಬೊಂಬಾಯಿ ರಾಜ್ಯ, ನಮ್ಮದು ಮದರಾಸು. ರಾಜ್ಯ ಒಂದಾದರೂ ಜನ ಒಂದಾಗಿರಲಿಲ್ಲ. ನಮಗೆ ಅವರು 'ಘಟ್ಟದವರು'. ಅವರ ಕನ್ನಡಕ್ಕೆ ನಾವು ನಗುತ್ತಿದ್ದೆವು, ನಮ್ಮ ಕನ್ನಡ ಕೇಳಿ ಅವರು ಪುಸ್ತಕ ಓದುತ್ತಿದ್ದಾರೇನೋ ಎಂಬಂತೆ ನೋಡುತ್ತಿದ್ದರು. ಅಂಗಡಿಯವರು ಅವರಿಗೆ ಚಹಾವನ್ನು ಬೇರೆ ಲೋಟದಲ್ಲಿ ಕೊಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಆ ಬಿಡಾರದಿಂದ ಒಂದು ಗುರುವಾರ ಹುಸೇನಬೀ ಕಾರ್ಕಳದ ನಮ್ಮ ಕೋಣೆಗೆ ಬಂದಳು. ಇಪ್ಪತ್ತು ಇಪ್ಪತ್ತೆರಡರ ಪ್ರಾಯ, ಕಲ್ಲಿನ ಧೂಳು ಕೂತ ರೆಪ್ಪೆ, ಬಲಗೆನ್ನೆ ಊದಿ ಕಣ್ಣಿನವರೆಗೆ ಏರಿತ್ತು. ಜೊತೆಗೆ ಅತ್ತೆ ಖಾಸಿಂಬೀ. ಹುಸೇನಬೀಯ ಗಂಡ ಮೌಲಾಸಾಬ ಕೋರೆಯಲ್ಲಿ ಉಳಿಗಳನ್ನು ಕುಲುಮೆಗಿಟ್ಟು ಹರಿತ ಮಾಡುವ ಕೆಲಸದವನು. ಕೆಳಗಿನ ದವಡೆಯ ಕೊನೆಯ ಹಲ್ಲು ಹುಳುಕು ಹಿಡಿದು ಕೀವಾಗಿತ್ತು. ಊತ ಇರುವಾಗ ಕೀಳುವಂತಿಲ್ಲ. ರಾಯರು ಪೆನ್ಸಿಲಿನ್ ಚುಚ್ಚಿ, ಮುಂದಿನ ವಾರ ಬರಲು ಹೇಳಿದರು. ಬಾಯಿ ನೋಡುವಾಗ ಅವರ ಮುಖ ಹುಳ್ಳಗಾದದ್ದನ್ನು ನಾನು ಕಂಡೆ. ಅವಳ ಮುಂದಿನ ಹಲ್ಲುಗಳೆಲ್ಲ ಕಪ್ಪು. ಕೊಳೆತ ಕಪ್ಪಲ್ಲ, ನೇರಳೆ ಹಣ್ಣಿನ ಹಾಗೆ ನುಣ್ಣಗೆ ಹೊಳೆಯುವ ಕಪ್ಪು. ಅತ್ತೆಯದೂ ಅಂಥದೇ ಇತ್ತೋ ಎಂದು ಆಗಲೇ ಗಮನಿಸಿದ್ದರೆ ನನಗೆ ಏನಾದರೂ ಹೊಳೆಯುತ್ತಿತ್ತು. ವಿಧವೆಯಾದ ಅವಳ ಹಲ್ಲು ಬಿಳಿಯಾಗಿತ್ತು.

ಮುಂದಿನ ವಾರ ಊತ ಇಳಿದಿತ್ತು. ರಾಯರು ಮತ್ತೆ ಪರೀಕ್ಷಿಸಿ, "ಒಸಡಿನ ಬುಡದಲ್ಲಿ ಪಾಚಿ ಕಟ್ಟಿದೆ. ಇಂಥ ಬಾಯಲ್ಲಿ ಕಿತ್ತರೆ ಗಾಯ ಮತ್ತೆ ಕೀವಾಗುತ್ತದೆ. ಇವತ್ತು ಶುಚಿ ಮಾಡಿ, ಬರುವ ವಾರ ಕೀಳುವ" ಎಂದು ನನಗೆ ಒಪ್ಪಿಸಿ ಆಚೆ ಕೋಣೆಯ ರೋಗಿಯ ಕಡೆ ಹೋದರು. ಅವರು ಹೇಳಿದ್ದು ಪಾಚಿಯನ್ನು ಮಾತ್ರ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಆಮೇಲೆ ಆದ ತಪ್ಪು ನನ್ನದು, ಅವರದಲ್ಲ. ಪಾಚಿ ತೆಗೆಯಲು ಕಾಲು ಗಂಟೆ ಸಾಕಾಯಿತು. ಆಮೇಲೆ ನನ್ನ ಕಣ್ಣು ಆ ಕಪ್ಪಿನ ಮೇಲೆ ಬಿತ್ತು. ಇಷ್ಟು ಲಕ್ಷಣದ ಹುಡುಗಿ, ಪಾಪ, ಎಂಥ ಹಲ್ಲು ಎಂದು ನನಗೆ ಮರುಕ ಬಂತು. ನನ್ನ ಕೈಚಳಕ ತೋರಿಸುವ ಚಪಲವೂ ಇತ್ತು. ಪ್ಯೂಮಿಸ್ ಪುಡಿ ಕಲಸಿಕೊಂಡೆ.

ಅವಳ ಬಾಯಲ್ಲಿ ಹತ್ತಿಯ ಸುರುಳಿಗಳಿದ್ದವು, ನನ್ನ ಎರಡು ಬೆರಳಿದ್ದವು. ಮೊದಲ ಹಲ್ಲನ್ನು ಉಜ್ಜತೊಡಗಿದಾಗ ಅವಳ ಕೈ ಮೇಲೆದ್ದು ನನ್ನ ಮಣಿಕಟ್ಟನ್ನು ತಳ್ಳಿತು. ನೋವಿಗೆ ಹೆದರಿದಳೆಂದುಕೊಂಡೆ. "ಎಂತ ಇಲ್ಲ, ಸುಮ್ಮನೆ ಕೂತುಕೋ" ಎಂದು ಆ ಕೈಯನ್ನು ಹಿಡಿದು ಕುರ್ಚಿಯ ತೋಳಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದಳು. ಮತ್ತೆ ಹಿಡಿದು ಇಟ್ಟೆ, ಈ ಸಲ ಸ್ವಲ್ಪ ಗಟ್ಟಿಯಾಗಿ. ಗಂಟಲಲ್ಲಿ ಏನೋ ಶಬ್ದ ಮಾಡಿದಳು. ನಮ್ಮ ಕುರ್ಚಿಯಲ್ಲಿ ಕೂತವರ ಬಾಯಿ ತೆರೆದೇ ಇರುತ್ತದೆ, ಆದರೆ ಅವರಿಗೆ ಮಾತಾಡಲು ಆಗುವುದಿಲ್ಲ. ಬೇರೆ ಯಾವ ವೈದ್ಯದಲ್ಲೂ ಹೀಗಿಲ್ಲ. ಮಕ್ಕಳೇ, ಇದನ್ನು ನಿಮ್ಮ ಪುಸ್ತಕದಲ್ಲಿ ಬರೆದಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಒಂದು ಗಂಟೆ ಉಜ್ಜಿದೆ. ಒಸಡಿನಲ್ಲಿ ಅಲ್ಲಲ್ಲಿ ರಕ್ತ ಒಸರಿತು, ಅಷ್ಟು ಹಟಮಾರಿ ಕಪ್ಪು ಅದು. ಕೊನೆಗೆ ಆರು ಮೇಲೆ, ಆರು ಕೆಳಗೆ ಮಲ್ಲಿಗೆ ಮೊಗ್ಗಿನ ಹಾಗೆ ಬಿಳಿ ಬಂತು. ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಕೈಗನ್ನಡಿ ಹಿಡಿದೆ. ಅವಳು ಖುಷಿಪಡುತ್ತಾಳೆಂದು ಕಾದು ನಿಂತಿದ್ದೆ. ಅವಳು ಕನ್ನಡಿ ನೋಡಿದಳು. ತುಟಿ ಮುಚ್ಚಿ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಬಾಗಿಲು ತೆರೆದು ಹೋದಳು.

ಹೊರಗಿನ ಬೆಂಚಿನಲ್ಲಿ ಅತ್ತೆ ಸೆರಗು ಸರಿಸಿ ನೋಡಿದ್ದೇ ತಡ, ಬೀದಿಗೆ ಕೇಳುವಂತೆ ಕೂಗಿದಳು. "ಏನ್ ಮಾಡಿದ್ರಿ ನರ್ಸಬಾಯಿ ನೀವು? ನನ್ನ ಮಗ ಇನ್ನಾ ಬದಕ್ಯಾನ! ಗಂಡ ಸತ್ತಾಕಿ ಹಲ್ಲು ಮಾಡಿ ಕಳಿಸೀರಲ್ಲ!"

ಆಗ ನನಗೆ ವಿಷಯ ತಿಳಿಯಿತು. ಆ ಕಪ್ಪು ಮಿಸ್ಸಿ ಎಂಬ ಪುಡಿಯದು. ಅಳಲೆಕಾಯಿ, ಮೈಲುತುತ್ತ, ಕಬ್ಬಿಣದ ಪುಡಿ ಸೇರಿಸಿ ಅರೆದು ಮಾಡುತ್ತಾರೆ. ಮದುವೆಯ ದಿನ ಅತ್ತೆ ತನ್ನ ಕೈಯಾರೆ ಸೊಸೆಯ ಹಲ್ಲಿಗೆ ಮೊದಲ ಸಲ ಹಚ್ಚುತ್ತಾಳೆ. ಗಂಡ ಇರುವವರೆಗೆ ಅದು ಇರಬೇಕು. ಗಂಡ ಹೋದ ಮೇಲೆ ಹಚ್ಚುವಂತಿಲ್ಲ, ಹಲ್ಲು ನಿಧಾನವಾಗಿ ಬಿಳಿಯಾಗುತ್ತದೆ. ನಮ್ಮ ಕಡೆಯ ಹೆಂಗಸರಿಗೆ ಕರಿಮಣಿ ಹೇಗೋ ಅವರಿಗೆ ಅದು ಹಾಗೆ. ಹುಸೇನಬೀಯ ಮಿಸ್ಸಿಗೆ ಬೇಕಾದ ಕಬ್ಬಿಣದ ಪುಡಿ ಮೌಲಾಸಾಬ ಉಳಿ ಉಜ್ಜುವಾಗ ಉದುರಿದ್ದು. ಗಂಡ ಬದುಕಿರುವವಳ ಕುತ್ತಿಗೆಯಿಂದ ತಾಳಿ ಕಿತ್ತಂಥ ಕೆಲಸ ಮಾಡಿ ನಾನು ಕನ್ನಡಿ ಹಿಡಿದು ನಿಂತಿದ್ದೆ.

ಗಲಾಟೆ ಕೇಳಿ ರಾಯರು ಹೊರಗೆ ಬಂದರು. ಅವರೂ ಆ ದಿನ ದೊಡ್ಡತನ ತೋರಿಸಲಿಲ್ಲ. "ಅಜ್ಞಾನ. ಮೈಲುತುತ್ತ ವಿಷ, ಹೋದದ್ದೇ ಒಳ್ಳೆಯದಾಯಿತು. ಇನ್ನೂ ಕೀಳಲಿಕ್ಕೆ ಉಂಟಲ್ಲ, ನೋವಾದರೆ ಅವರೇ ಬರುತ್ತಾರೆ" ಎಂದು ಒಳಗೆ ಹೋದರು. ಅತ್ತೆ ಸೊಸೆ ಬಿಸಿಲಲ್ಲಿ ಬಸ್ ನಿಲ್ದಾಣದ ಕಡೆ ನಡೆದರು. ನಾನು ಹಿಂದಿನಿಂದ ಓಡಿ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಒಳಗೆ ಇನ್ನೂ ನಾಲ್ಕು ರೋಗಿಗಳಿದ್ದಾರೆ ಎಂದು ಬಾಗಿಲು ಹಾಕಿಕೊಂಡೆ.

ಮುಂದಿನ ಗುರುವಾರ ಅವಳು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಕಾರ್ಕಳದ ಬಸ್ಸು ಕೋರೆಯ ಮುಂದೆಯೇ ಹೋಗುವುದು. ಕಿಟಕಿಯಿಂದ ಬಿಡಾರಗಳು ಕಾಣುತ್ತಿದ್ದವು, ಹೆಂಗಸರು ಸಾಲಾಗಿ ಕೂತು ಜಲ್ಲಿ ಕುಟ್ಟುವುದು ಕಾಣುತ್ತಿತ್ತು. ಇಳಿದು ನೋಡಬೇಕು, ಆ ಹುಳುಕು ಹಲ್ಲು ಒಳಗೇ ಇದೆ ಎಂದು ಪ್ರತಿ ಸಲ ಅನಿಸುತ್ತಿತ್ತು. ಇಳಿದರೆ ಮುಂದಿನ ಬಸ್ಸು ತಡ, ರಾಯರಿಗೆ ತೊಂದರೆ ಎಂದು ಪ್ರತಿ ಸಲ ನೆವ ಹುಡುಕುತ್ತಿದ್ದೆ. ನಿಜವಾಗಿ ನನಗೆ ನಾಚಿಕೆಯಾಗಿತ್ತು, ಖಾಸಿಂಬೀಯ ಬಾಯಿಗೆ ಹೆದರಿಕೆಯೂ ಆಗಿತ್ತು. ಹೆದರಿಕೆ ಎಂಬುದಿಲ್ಲ ಎಂದು ಪಾದ್ರಿಗಳು ಸರ್ಟಿಫಿಕೇಟು ಕೊಟ್ಟ ಲಿಲ್ಲಿ ನಾಲ್ಕು ಗುರುವಾರ ಬಸ್ಸಿನಲ್ಲಿ ಆಚೆ ಮುಖ ಮಾಡಿ ಕೂತಳು.

ಐದನೆಯ ಗುರುವಾರ ತಡೆಯಲಾಗಲಿಲ್ಲ. "ಡಾಕ್ಟ್ರೇ, ನಾನು ಇಲ್ಲಿ ಇಳಿಯುತ್ತೇನೆ, ನೀವು ಹೋಗಿರಿ" ಎಂದೆ. ರಾಯರು ನನ್ನ ಮುಖ ನೋಡಿ, ಕಂಡಕ್ಟರನನ್ನು ಕೂಗಿ ಬಸ್ಸು ನಿಲ್ಲಿಸಿದರು. ಬಿಡಾರದೊಳಗೆ ಹುಸೇನಬೀ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡೂ ದವಡೆಯ ಕೆಳಗೆ ಕುತ್ತಿಗೆ ಹಲಗೆಯ ಹಾಗೆ ಗಟ್ಟಿಯಾಗಿ ಊದಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ತುಟಿಯ ಬದಿಯಿಂದ ಜೊಲ್ಲು ಸುರಿಯುತ್ತಿತ್ತು. ಯಾವುದೋ ಸೊಪ್ಪು ಅರೆದು ಕಟ್ಟಿದ್ದರು. ಇದು ಸಾಯುವ ಊತ ಎಂದು ರಾಯರು ನನಗೆ ಹಿಂದೆಯೇ ಹೇಳಿಕೊಟ್ಟಿದ್ದರು.

ಖಾಸಿಂಬೀ ನನ್ನನ್ನು ಬೈಯಲಿಲ್ಲ. ಬೈಯುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಯಾಕೆ ಬರಲಿಲ್ಲ ಅಮ್ಮ? ಬಂದಿದ್ದರೆ ಆ ಹಲ್ಲು ತೆಗೆದು ಬಿಡುತ್ತಿದ್ದರಲ್ಲ" ಎಂದೆ.

"ಅಕೀನ ಒಲ್ಲೆ ಅಂದ್ಲು ಬಾಯಿ. ಅಲ್ಲಿಗಿ ಹ್ವಾದ್ರ ಇನ್ನೇನ ತಗೀತಾರೋ ಅಂತ ಅಂಜಿದ್ಲು. ಅಂಜಬ್ಯಾಡ ಅಂತ ಯಾ ಬಾಯಿಲೆ ಹೇಳ್ಲಿ?"

ಹುಸೇನಬೀ ನನ್ನನ್ನು ಕಂಡು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆ ಸ್ಥಿತಿಯಲ್ಲೂ ಹಿಡಿದಳು. ಸೆರಗಿನ ಸಂದಿಯಲ್ಲಿ ನಾನು ಬೆಳ್ಳಗೆ ಮಾಡಿದ ಹಲ್ಲು ಕಂಡಿತು. ಮಿಸ್ಸಿ ಮತ್ತೆ ಹಚ್ಚಲಿಲ್ಲವೇ ಎಂದು ಕೇಳಿದೆ. "ಒಸಡು ಹುಣ್ಣಾಗಿತ್ತು. ಹಚ್ಚಿದ್ರ ಉರೀತೈತಿ, ಮಾಯಲಿ ಅಂತ ಬಿಟ್ವಿ. ಮಾಯೂದ್ರೊಳಗ ಬ್ಯಾನಿ ತಿರುಗಿ ಬಂತು, ಮುಟ್ಟಗೊಡಲಿಲ್ಲ" ಎಂದಳು ಖಾಸಿಂಬೀ. ಹುಣ್ಣು ಮಾಡಿದವಳು ನಾನೇ.

ಕೋರೆಯ ಲಾರಿಯಲ್ಲಿ ಅವಳನ್ನು ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿಯ ವೈದ್ಯರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಕುತ್ತಿಗೆ ಕೊಯ್ದು ಕೀವು ಬಿಟ್ಟರು, ಗಂಟೆಗಂಟೆಗೆ ಪೆನ್ಸಿಲಿನ್ ಕೊಟ್ಟರು. ಸಂಜೆ ಕಾರ್ಕಳದಿಂದ ನೇರ ಅಲ್ಲಿಗೇ ಬಂದ ರಾಯರು ಕೇಸಿನ ಕಾಗದ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳಲು ಮರೆತು ಕೈಯಲ್ಲೇ ಹಿಡಿದುಕೊಂಡು ನಿಂತರು. ಕೀವಿನ ವಿಷ ಎದೆಗೆ ಇಳಿದಿತ್ತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಮೂರನೆಯ ದಿನ ಬೆಳಿಗ್ಗೆ ವೈದ್ಯರು ಮೌಲಾಸಾಬನಿಗೆ ಹೇಳಿದರು. ಅವನು ಜಗಲಿಯ ಕಂಬ ಹಿಡಿದು ಕೂತುಬಿಟ್ಟ.

ಹುಸೇನಬೀಗೆ ಎಚ್ಚರವಿತ್ತು. ಸೆರಗು ಹಿಡಿಯುವ ಶಕ್ತಿ ಇರಲಿಲ್ಲ, ಅದಕ್ಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಖಾಸಿಂಬೀ ಸೊಂಟದ ಚೀಲದಿಂದ ಒಂದು ಹಿತ್ತಾಳೆಯ ಡಬ್ಬಿ ತೆಗೆದಳು. ಅದರಲ್ಲಿ ಮಿಸ್ಸಿ ಇತ್ತು. ಡಬ್ಬಿಯನ್ನು ನನ್ನ ಕಡೆ ಚಾಚಿದಳು.

"ನೀವ ತಗದೀರಿ. ನೀವ ಹಚ್ಚರಿ" ಎಂದಳು.

ಸಿಟ್ಟಿನಿಂದ ಹೇಳಿದ್ದಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸು ಎಂದ ಹಾಗೆ ಹೇಳಿದಳು. ಮಂಚದ ತಲೆಯ ಹತ್ತಿರ, ಬಾಯಿಗೆ ಏನನ್ನೂ ಹಾಕಬಾರದು ಎಂಬ ಚೀಟಿ ತೂಗುತ್ತಿತ್ತು. ನಾನು ರಾಯರ ಮುಖ ನೋಡಿದೆ. ಒಂದು ಹತ್ತಿಯ ಎಳೆಗೆ ಕೆಲಸ ನಿಲ್ಲಿಸುತ್ತಿದ್ದ ಮನುಷ್ಯ, ಮೈಲುತುತ್ತ ವಿಷ ಎಂದಿದ್ದ ಮನುಷ್ಯ. "ಹಚ್ಚಿ ಲಿಲ್ಲಿ ಬಾಯಿ. ಯಾರಾದರೂ ಕೇಳಿದರೆ ನಾನು ಹೇಳುತ್ತೇನೆ" ಎಂದು ಪರದೆ ಎಳೆದು ಆಚೆ ನಿಂತರು.

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. "ಹುಸೇನಬೀ, ನಾನು ಹಚ್ಚಲಾ? ನೋವಾದರೆ, ಬೇಡ ಅಂತ ಕಂಡರೆ, ಕೈ ಎತ್ತು. ಎತ್ತಿದ ಕೂಡಲೇ ಬಿಡುತ್ತೇನೆ" ಎಂದೆ. ಅವಳು ನಿಧಾನವಾಗಿ ಮುಖವನ್ನು ನನ್ನ ಕಡೆ ತಿರುಗಿಸಿದಳು. ಬೆರಳ ತುದಿಯಲ್ಲಿ ಆ ಪುಡಿಯನ್ನು ನೀರಿಗೆ ಕಲಸಿ, ತುಟಿ ಸರಿಸಿ, ಒಂದೊಂದೇ ಹಲ್ಲಿಗೆ ಹಚ್ಚಿದೆ. ಒಸಡಿಗೆ ತಾಗದ ಹಾಗೆ, ಉಸಿರು ಹಿಡಿದುಕೊಂಡು. ಆರು ಮೇಲೆ, ಆರು ಕೆಳಗೆ. ನಡುನಡುವೆ ಅವಳ ಕೈ ನೋಡುತ್ತಿದ್ದೆ. ಅದು ಹೊದಿಕೆಯ ಮೇಲೆ ಸುಮ್ಮನೆ ಇತ್ತು.

ಆಮೇಲೆ ಖಾಸಿಂಬೀ ಮಗನನ್ನು ಕರೆದಳು. ಮೌಲಾಸಾಬ ಬಂದು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ. ಐದು ವಾರದಲ್ಲಿ ಮೊದಲ ಸಲ ಅವಳು ಗಂ‌ಡನ ಮುಂದೆ ಬಾಯಿ ಮುಚ್ಚಿಕೊಳ್ಳಲಿಲ್ಲ. ತುಟಿ ಸ್ವಲ್ಪ ಬಿಚ್ಚಿ ತೋರಿಸಿದಳು. "ಛಲೋ ಆತು" ಎಂದ ಅವನು. ಮಧ್ಯಾಹ್ನದ ಹೊತ್ತಿಗೆ ಹುಸೇನಬೀ ಹೋದಳು. ಆ ಮಳೆಗಾಲಕ್ಕೆ ಮುಂಚೆ ಕೋರೆಯ ಕೆಲಸ ಮುಗಿದು ಬಿಡಾರ ಎದ್ದಿತು, ಅವರು ಎಲ್ಲಿ ಹೋದರೋ ನನಗೆ ತಿಳಿಯಲಿಲ್ಲ.

ರಾಯರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಮುಂದಿನ ಗುರುವಾರ ನಾನು ಕಾರ್ಕಳದ ಕೋಣೆಯ ಬೀಗ ತೆಗೆದಾಗ, ಕುರ್ಚಿಯ ಪಕ್ಕದಲ್ಲಿ ಒಂದು ಸ್ಟೂಲು ಇತ್ತು. ಅವರೇ ಯಾರಿಗೋ ಹೇಳಿ ಮಾಡಿಸಿ ತರಿಸಿದ್ದರು. "ಜೊತೆಗೆ ಬಂದವರು ಇನ್ನು ಒಳಗೇ ಕೂತುಕೊಳ್ಳಲಿ. ತಲೆ ತಿರುಗಿ ಬಿದ್ದರೆ ಡ್ರಿಲ್ಲು ರಿಪೇರಿ ಮಾಡಿಸುವ" ಎಂದರು. ಆ ಸ್ಟೂಲಿನಲ್ಲಿ ಆಮೇಲೆ ಎಷ್ಟೋ ಜನ ಕೂತರು. ತಿರುವಾಂಕೂರಿನಿಂದ ಗುಡ್ಡ ಕಡಿದು ತೋಟ ಮಾಡಲು ಬಂದವರ ಅಜ್ಜಿಯರು, ಮಲಯಾದ ವಿದ್ಯಾರ್ಥಿಗಳ ಗೆಳೆಯರು, ತಮಿಳು ಮಾತ್ರ ಬರುವ ರಸ್ತೆ ಕೆಲಸದವರ ಮೇಸ್ತ್ರಿಗಳು. ಅವರಿಂದ ನಾವು ಕೇಳಿ ತಿಳಿದದ್ದನ್ನು ಬರೆದರೆ ಇನ್ನೊಂದು ಪುಸ್ತಕವಾದೀತು. ಯಾರಿಗೆ ಕಿತ್ತ ಹಲ್ಲನ್ನು ತಿರುಗಿ ಕೊಡಬೇಕು, ಯಾರಿಗೆ ಉಪವಾಸದ ದಿನ ಮುಕ್ಕಳಿಸಲು ನೀರು ಕೊಡಬಾರದು, ಯಾರಿಗೆ ಎಡಗೈಯಿಂದ ಔಷಧಿ ನೀಡಬಾರದು, ಎಲ್ಲ.

ಮಿಸ್ಸಿಯ ಕಲೆ ನನ್ನ ತೋರುಬೆರಳಿನಿಂದ ಬಹಳ ದಿನ ಹೋಗಲಿಲ್ಲ. ಸಾಬೂನಿಗೆ, ಸ್ಪಿರಿಟ್ಟಿಗೆ ಬಗ್ಗಲಿಲ್ಲ. ಪ್ಯೂಮಿಸ್ ಹಾಕಿದ್ದರೆ ಹೋಗುತ್ತಿತ್ತು, ನಾನು ಹಾಕಲಿಲ್ಲ. ರಾಯರು ದಿನವೂ ಆ ಬೆರಳನ್ನು ನೋಡುತ್ತಿದ್ದರು. ತೊಳೆದುಕೊಳ್ಳಿ ಎಂದು ಒಮ್ಮೆಯೂ ಹೇಳಲಿಲ್ಲ.

ಈಗ ನಿಮ್ಮ ಕುರ್ಚಿಗಳು ಗುಂಡಿ ಒತ್ತಿದರೆ ಮೇಲೆ ಕೆಳಗೆ ಹೋಗುತ್ತವಂತೆ, ಸಂತೋಷ. ನಾನು ಕಲಿಸುವುದು ಒಂದೇ. ಸ್ಟೂಲು ಬಂದ ಆ ಗುರುವಾರದಿಂದ ನಿವೃತ್ತಿಯ ದಿನದವರೆಗೆ, ಯಾರೇ ಕೂತರೂ, ಬಾಯಿಗೆ ಬೆರಳು ಹಾಕುವ ಮೊದಲು ನಾನು ಹೇಳುತ್ತಿದ್ದೆ: ನೋವಾದರೆ, ಬೇಡವೆನಿಸಿದರೆ, ಕೈ ಎತ್ತಿ, ನಾನು ನಿಲ್ಲಿಸುತ್ತೇನೆ. ಇಂಥ ಒಳ್ಳೆಯ ಕ್ರಮವನ್ನು ಎಲ್ಲಿ ಕಲಿತಿರಿ ಎಂದು ಹೊಸ ಡಾಕ್ಟರುಗಳು ಕೇಳುತ್ತಿದ್ದರು. ಹೀಗೇ, ಅನುಭವದಿಂದ ಎಂದು ತೇಲಿಸಿ ಬಿಡುತ್ತಿದ್ದೆ. ಹುಸೇನಬೀ ಎರಡು ಸಲ ಕೈ ಎತ್ತಿದ್ದಳು. ಎರಡು ಸಲವೂ ನಾನು ಅದನ್ನು ಹಿಡಿದು ಕೆಳಗಿಟ್ಟೆ.